ಸೇತುವಿ ಹತ್ರ ಬಂದ್ ಬೀಳೋ ಗಾಡಿ ಮಿಸ್ತ್ರಿ ಮುಂದ ಒಂದೇ ಕಿಕ್ಕಿಗೆ ಚಾಲೂ ಆಗ್ತದ, ಏನಿದು?

ಕ್ಯಾಂಪ್ ಟೀಚರ್, ಸಿಂಧನೂರು ತಾಲೂಕು
ಸೋಮವಾರ ರಾತ್ರಿ 9:20

ಎಲ್ಲರಿಗೂ ನಮಸ್ಕಾರ್ರಿ. ನಾನು ಇಲ್ಲೇ ಒಂದು ಕ್ಯಾಂಪಿನ (ಹೊರಗಿಂದ ಬಂದವರು ಕಟ್ಟಿಕೊಂಡ ಊರು) ಹೈಸ್ಕೂಲಿನ್ಯಾಗ ಅತಿಥಿ ಶಿಕ್ಷಕಿ. ನಮ್ಮೂರಿಂದ ಸಾಲಿಗೆ 19 ಕಿಲೋಮೀಟರ್. ಆ ಹಾದಿಗೆ ಮುಂಜಾನೆ ಒಂದೇ ಬಸ್ಸು, ಅದು ಮುಟ್ಟೋದ್ರಾಗ ಪ್ರೇಯರ್ ಮುಗಿದು ಮಕ್ಕಳು ಒಳಗ ಕುಂತಿರ್ತಾವ. ಅದಕ್ಕ ಅಪ್ಪನ ಗಾಡಿ ಓಡಸ್ತೀನಿ.

ಗಾಡಿ 2007ರದು, ನೂರು ಸಿಸಿ, ಕಾರ್ಬರೇಟರ್ ಇರೋದು, ಸೆಲ್ಫ್ ಇಲ್ಲ, ಕಿಕ್ ಅಷ್ಟೇ. ಕಂಪನಿ ಹೆಸರು ಬರೆಯೋದಿಲ್ಲ. ಬರೆದ್ರ ನೀವೆಲ್ಲ ನನ್ನ ಪ್ರಶ್ನಿ ಬಿಟ್ಟು ಯಾವ ಕಂಪನಿ ಚಲೋ ಅಂತ ಜಗಳ ತೆಗಿತೀರಿ. ಅಪ್ಪ ಆ ವರ್ಷ ರಾಯಚೂರು ಮಾರ್ಕೆಟಿಗೆ ಹತ್ತಿ ಹಾಕಿ ಬಂದ ರೊಕ್ಕದಾಗ ತಂದಿದ್ದ. 2022ರಾಗ 15 ವರ್ಷ ತುಂಬಿತು ಅಂತ ಆರ್‌ಸಿ ಮತ್ತ 5 ವರ್ಷಕ್ಕ ಮಾಡಿಸಿಕೊಂಡು ಬಂದ. ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿ ಹೋತಲ್ರಿ, 2024ರಾಗ, ಆ ಮಳಿಗಾಲದಾಗ ಅವಗ ಮೊಣಕಾಲು ಹಿಡಕೊಂಡ್ವು. ಕಿಕ್ ಹೊಡಿಯಾಕ ಆಗವಲ್ದು ಅಂತ ಗಾಡಿ ನನ್ನ ಪಾಲಿಗೆ ಬಂತು.

ತ್ರಾಸ ಏನಂದ್ರ, ಮುಂಜಾನೆ ಮನಿ ಮುಂದ ಚೋಕ್ ಎಳೆದು ಎರಡನೇ ಕಿಕ್ಕಿಗೆ ಚಾಲೂ ಆಗ್ತದ. ಒಂಬತ್ತು, ಹತ್ತು ಕಿಲೋಮೀಟರ್ ಏನೂ ತಕರಾರಿಲ್ಲ. ಕೆನಾಲ್ ಸೇತುವಿ ಏರಬೇಕು, ಅಲ್ಲಿ ಬಂದ್ ಬೀಳ್ತದ. ಆಮ್ಯಾಲ ಇಪ್ಪತ್ತು ಕಿಕ್ ಹೊಡಿ, ಮೂವತ್ತು ಹೊಡಿ, ಚಾಲೂ ಆಗವಲ್ದು. ಈಗ ನೆಲ್ಲು ಕೊಯ್ಲು ನಡದದ, ಎರಡೂ ಕಡಿ ಮಷಿನ್ ನಿಂತಿರ್ತಾವ. ನಾನು ವೇಲ್ ಸೊಂಟಕ್ಕ ಕಟ್ಟಿಕೊಂಡು ಕಿಕ್ ಹೊಡಿಯೋದನ್ನ ನೋಡೋದೇ ಅವರಿಗೆ ಮುಂಜಾನಿ ಕೆಲಸ. ಅರ್ಧ ತಾಸು ಸೇತುವಿ ಕಟ್ಟಿ ಮ್ಯಾಲ ಕುಂತ್ರ ತಾನೇ ಚಾಲೂ ಆಗ್ತದ. ದಸರಾ ಆದ ಮ್ಯಾಲಿಂದ ಶುರುವಾಗ್ಯದ, ವಾರದಾಗ ಮೂರು ನಾಕು ಸರ್ತಿ.

ಸಿಟ್ಟು ಬರೋ ಮಾತು ಬ್ಯಾರೇನೇ ಅದ. ಯಾರ ಬಂದ್ರೂ ಮೊದಲು ನನ್ನ ಕೈಯಾಗಿನ ಕೀಲಿ ಇಸಕೊಂಡು ಟಾಕಿ ಮುಚ್ಚಳ ತೆಗೆದು ಒಳಗ ಹಣಕಿ ಹಾಕ್ತಾರ. ಹೆಣ್ಮಗಳು ಪೆಟ್ರೋಲ್ ಇಲ್ದಂಗ ಗಾಡಿ ತಂದಾಳ ಅಂತ ಎಲ್ಲರಿಗೂ ಒಂದೇ ಅನುಮಾನ. ಪೆಟ್ರೋಲ್ ಇರ್ತದ. ಮುಚ್ಚಳ ಹಾಕಿ ಒಂದು ಕಿಕ್ ಹೊಡಿತಾರ, ಗಾಡಿ ಚಾಲೂ! ‘ಏನೂ ಆಗಿಲ್ಲ ಮೇಡಂ, ನಿಮಗ ಕಿಕ್ ಹೊಡಿಯಾಕ ಬರವಲ್ದು’ ಅಂತ ಹೇಳಿ ಹೋಗ್ತಾರ. ಒಂದು ದಿನ ಪುಣ್ಯಾತ್ಮ ಒಬ್ಬವ ಟ್ರ್ಯಾಕ್ಟರ್ ಟ್ರಾಲಿಗೆ ಏರಿಸಿಕೊಂಡು ಗ್ಯಾರೇಜಿಗೆ ಮುಟ್ಟಿಸಿದ. ಮಿಸ್ತ್ರಿನೂ ಅದೇ, ಮುಚ್ಚಳ ತೆಗೆದ, ಗಾಡಿ ಅಲುಗಾಡಿಸಿದ, ಒಂದು ಕಿಕ್, ಚಾಲೂ. ನನ್ನ ಮುಖ ನೋಡಿ ನಕ್ಕ.

ಇಲ್ಲಿತನ ಮಾಡಿಸಿದ್ದು: ಹೊಸ ಪ್ಲಗ್ 130, ಕಾರ್ಬರೇಟರ್ ಬಿಚ್ಚಿ ತೊಳೆದದ್ದು 200, ಇಗ್ನಿಷನ್ ಕಾಯಿಲ್ 550. ಒಟ್ಟು 880 ರೂಪಾಯಿ. ಕಾಯಿಲ್ ಹಾಕಿದ ಮರುದಿನವೇ ಸೇತುವಿ ಮ್ಯಾಲ ನಿಂತಿದ್ದೆ. ಈಗ ಮಿಸ್ತ್ರಿ ಸಿಡಿಐ (ಪ್ಲಗ್ಗಿಗೆ ಕಿಡಿ ಕೊಡಿಸೋ ಕರಂಟಿನ ಡಬ್ಬಿ) ಬದ್ಲಿ ಮಾಡಮು, ಅದಕ್ಕೂ ಆಗಲಿಲ್ಲ ಅಂದ್ರ ಇಂಜಿನ್ ಕೆಲಸ ಅಂತಾನ. ನನ್ನ ಪಗಾರದಾಗ ಅದು ಸಣ್ಣ ಮಾತಲ್ಲ.

ನಮ್ಮವ್ವಂದು ಬ್ಯಾರೆ ಲೆಕ್ಕ. ಆ ಸೇತುವಿ ಹತ್ರ ಹಿಂದಕ ಯಾರೋ ಬಿದ್ದು ಸತ್ತಿದ್ರಂತ, ‘ಅಲ್ಲೆ ಗಾಳಿ ಅದ, ಅದೇ ಹಿಡಕೊಳ್ತದ’ ಅಂತಾಳ. ಅಮಾಸಿ ದಿನ ಗಾಲಿ ಕೆಳಗ ನಿಂಬಿಹಣ್ಣು ಇಟ್ಟು ಹಾಯಿಸಿದ್ಲು. ಅವತ್ತು ಮಾತ್ರ ನಿಲ್ಲಲಿಲ್ಲ, ಹಂಗಾಗಿ ಮನ್ಯಾಗ ನನ್ನ ಮಾತು ನಡೆಯಂಗಿಲ್ಲ.

ತಿಳಿದವರು ಹೇಳ್ರಿ. ಸಿಡಿಐ ಹಾಕಸ್ಲೋ ಬ್ಯಾಡೋ?


ಶಕ್ತಿನಗರ ಸವಾರ
ಸೋಮವಾರ ರಾತ್ರಿ 9:48

ಪಲ್ಸರ್ ಕಾಯಿಲ್ ಅಕ್ಕಾರ. ಕಣ್ಣು ಮುಚ್ಚಿ ಹೇಳ್ತೀನಿ. ಮ್ಯಾಗ್ನೆಟ್ ಹತ್ರ ಒಳಗಿರ್ತದ, ಇಂಜಿನ್ ಕಾದಂಗ ಅದರ ತಂತಿ ಹಿಗ್ಗಿ ಒಳಗ ಎಲ್ಲೋ ಕಡದು ಹೋಗ್ತದ, ಸಿಡಿಐಗೆ ಸಿಗ್ನಲ್ ಬರೋದಿಲ್ಲ, ಕರಂಟ್ ಬಂದ್. ತಣ್ಣಗಾದ್ರ ತಂತಿ ಕೂಡಕೊಳ್ತದ, ಚಾಲೂ. ಬಿಸಿಗೆ ನಿಂತು ತಂಪಿಗೆ ಚಾಲೂ ಆಗೋ ಗಾಡಿ ಅಂದ್ರ ಇದೇ. ನನ್ನದೂ ದೇವಸೂಗೂರು ದಾಟಿ ಕೃಷ್ಣಾ ಸೇತುವಿ ಮ್ಯಾಲ ಎರಡು ಸರ್ತಿ ಕೈ ಕೊಟ್ಟಿತ್ತು, ಹಿಂದ ಲಾರಿ ಸಾಲು. ಪಲ್ಸರ್ ಹಾಕಿಸಿದೆ, ಮುಗೀತು. ಸಿಡಿಐಗೆ ರೊಕ್ಕ ಹಾಕಬ್ಯಾಡ್ರಿ.


ಗಂಗಾವತಿ ಪಾನಾ
ಸೋಮವಾರ ರಾತ್ರಿ 11:05

ತಂಗಿ, ನಾ ಗಂಗಾವತಿಯಾಗ ಮೂವತ್ತು ವರ್ಷ ಗ್ಯಾರೇಜ್ ನಡಿಸಿ ಈಗ ಮಗನ ಕೈಗೆ ಪಾನಾ ಕೊಟ್ಟು ಕುಂತೀನಿ. ಶಕ್ತಿನಗರದ ತಮ್ಮ ಹೇಳಿದ್ದು ಆಗಬಾರದು ಅಂತೇನಿಲ್ಲ. ಆದ್ರ ಕಣ್ಣು ಮುಚ್ಚಿ ಹೇಳೋದೇ ಈಗ ನಿನ್ನ 880 ರೂಪಾಯಿ ತಿಂದೈತಿ. ಗ್ಯಾರೇಜಿನ್ಯಾಗ ಚಾಲೂ ಇರೋ ಗಾಡಿನ ನೋಡಿ ಯಾವ ಮಿಸ್ತ್ರಿಗೂ ಏನೂ ತಿಳಿಯಂಗಿಲ್ಲ. ಜ್ವರ ಬಿಟ್ಟ ಮ್ಯಾಲ ಡಾಕ್ಟರ್ ಕಡೆ ಹೋದಂಗ ಅದು. ನಿಂತ ಜಾಗದಾಗ, ನಿಂತ ಐದು ನಿಮಿಷದಾಗ ನೋಡಬೇಕು. ಅಲ್ಲಿ ನೀ ಒಬ್ಬಾಕಿನೇ ಇರ್ತಿ, ಹಂಗಾಗಿ ನೀನೇ ನೋಡಬೇಕು. ಏನೂ ಕಷ್ಟ ಇಲ್ಲ.

ಮೊದಲು ಇದನ್ನ ಹೇಳು. ಬಂದ್ ಬೀಳೋ ಮುಂದ ಹ್ಯಾಂಗ ಬೀಳ್ತೈತಿ? ದೀಪ ಆರಿಸಿದಂಗ ಟಪ್ ಅಂತ ಒಮ್ಮಿಗೇ ಹೋಗ್ತೈತೋ, ಇಲ್ಲಾ ಬಿಕ್ಕಿ ಬಿಕ್ಕಿ, ಎಕ್ಸಲೇಟರ್ ಕೊಟ್ರೂ ಎಳಿದಂಗ ಆಗಿ ಆಮ್ಯಾಲ ಹೋಗ್ತೈತೋ? ಕರಂಟಿನ ದೋಷ ಸಾಮಾನ್ಯ ಟಪ್ ಅಂತ ಹೋಗ್ತೈತಿ. ಪೆಟ್ರೋಲ್ ಸಾಲಲಿಲ್ಲ ಅಂದ್ರ ಬಿಕ್ಕತೈತಿ. ಬಿಕ್ಕುವಾಗ ಚೋಕ್ ಎಳೆದು ನೋಡು. ಚೋಕಿಗೆ ಒಂದು ಫರ್ಲಾಂಗ್ ಹೆಚ್ಚಿಗಿ ಓಡ್ತು ಅಂದ್ರ ಪೆಟ್ರೋಲ್ ಕಡಿನೇ ತಪ್ಪು ಐತಿ.

ಎರಡನೇದು ಪ್ಲಗ್. ಪ್ಲಗ್ ಪಾನಾ ಒಂದು ಚೀಲದಾಗ ಇಟ್ಟಕೋ. ನಿಂತ ಮ್ಯಾಲ ಹತ್ತು ಕಿಕ್ ಹೊಡಿ, ಆಮ್ಯಾಲ ಪ್ಲಗ್ ಬಿಚ್ಚು. ಬಟ್ಟಿ ಹಿಡಕೊಂಡು ಬಿಚ್ಚು, ಕೈ ಸುಡ್ತೈತಿ. ತುದಿ ಹಸಿ ಐತಿ, ಪೆಟ್ರೋಲ್ ವಾಸ್ನಿ ಬರ್ತೈತಿ ಅಂದ್ರ ಪೆಟ್ರೋಲ್ ಬಂದೈತಿ, ಉರಿಸೋ ಕರಂಟ್ ಬಂದಿಲ್ಲ. ಒಣಗಿ ಭಣಭಣ ಅಂತೈತಿ ಅಂದ್ರ ಪೆಟ್ರೋಲೇ ಬಂದಿಲ್ಲ. ಅದೇ ಪ್ಲಗ್ಗನ್ನ ಕ್ಯಾಪಿಗೆ ಸಿಗಿಸಿ, ಅದರ ಕಬ್ಬಿಣದ ಮೈ ಇಂಜಿನ್ ಹೆಡ್ಡಿಗೆ ಮುಟ್ಟಿಸಿ ಕಿಕ್ ಹೊಡಿ. ನೀಲಿ ಕಿಡಿ ಚಟ್ ಚಟ್ ಅಂದ್ರ ಕರಂಟ್ ಸರಿ. ಕ್ಯಾಪಿನ ರಬ್ಬರ್ ಹಿಡಿ, ಪ್ಲಗ್ ಹಿಡಿಬ್ಯಾಡ. ಹಿಡಿದ್ರ ಭುಜದ ತನಕ ಝಣ್ ಅಂತೈತಿ.

ಕಿಡಿ ನೋಡೋದು ಮುಗಿದ ಮ್ಯಾಲೇ ಪೆಟ್ರೋಲ್ ಕೆಲಸ. ಹಿಂದಮುಂದ ಮಾಡಬ್ಯಾಡ, ಚೆಲ್ಲಿದ ಪೆಟ್ರೋಲ್ ಹತ್ರ ಕಿಡಿ ಆಡಿಸಬಾರದು. ಪ್ಲಗ್ ತಿರುಗಿ ಕೂಡಿಸಿ, ಕಾರ್ಬರೇಟರ್ ಕೆಳಗ ಬಟ್ಟಲದಂಗ ಇರ್ತೈತಲ್ಲ, ಅದರ ತಳದ ಸಣ್ಣ ಸ್ಕ್ರೂ ಅರ್ಧ ಸುತ್ತು ಬಿಚ್ಚು. ಮೊದಲು ಬಟ್ಟಲದಾಗ ನಿಂತದ್ದು ಬರ್ತೈತಿ, ಅದರ ಬೆನ್ನಿಗೇ ಟಾಕಿದು ನಿಲ್ಲದಂಗ ಬರಬೇಕು. ಹನಿ ಹನಿ ಬಂದು ನಿಂತ್ರ ಮ್ಯಾಲಿಂದ ಇಳಿವಲ್ದು ಅಂತ ಲೆಕ್ಕ. ಆವಾಗ ಟಾಕಿ ತಳದ ಪೆಟ್ರೋಲ್ ಕಾಕ್ ರಿಸರ್ವಿಗೆ ತಿರುಗಿಸಿ ನೋಡು, ಜಾಳಿಗಿ ಒಂದು ಕಡಿ ಕಟ್ಟಿದ್ರ ಇನ್ನೊಂದು ಕಡಿ ಬರ್ತೈತಿ. ನೋಡಿದ ಮ್ಯಾಲ ನೆನಪಿಟ್ಟು ತಿರುಗಿ ಆನ್‌ಗೆ ತರಬೇಕು.

ಇಷ್ಟು ನೋಡಿ ಬರಿ. ಅಲ್ಲಿತನ ಯಾರಿಗೂ ಒಂದು ರೂಪಾಯಿ ಕೊಡಬ್ಯಾಡ.


ಕ್ಯಾಂಪ್ ಟೀಚರ್
ಮಂಗಳವಾರ ರಾತ್ರಿ 8:30

ಕಾಕಾರ, ದೊಡ್ಡ ಉಪಕಾರ ಆತು. ಇವತ್ತು ಪ್ಲಗ್ ಪಾನಾ ಇರಲಿಲ್ಲ, ಸಂಜಿಕಿ ಸಿಂಧನೂರಾಗ ತಗೊಂಡೆ. ಬಂದ್ ಬೀಳೋದು ಮಾತ್ರ ಕಣ್ಣಿಟ್ಟು ನೋಡಿದೆ. ಬಿಕ್ಕತದ್ರಿ. ಖರೇನೇ ಬಿಕ್ಕಿದಂಗ ಆಗ್ತದ, ಎಕ್ಸಲೇಟರ್ ತಿರುವಿದಷ್ಟೂ ಸೊರಗ್ತದ. ಚೋಕ್ ಎಳೆದ್ನಿ, ಸೇತುವಿ ಇಳಿದು ಮುಂದಿನ ಕರೆಂಟ್ ಕಂಬದ ತನಕ ಹೋತು. ಇಷ್ಟು ದಿನ ನನಗ ಇದು ಗೊತ್ತೇ ಇರಲಿಲ್ಲ.

ಇನ್ನೆರಡು ಮಾತು ಬರಿಬೇಕಂತ ಅನಿಸ್ತು, ಉಪಯೋಗ ಅದನೋ ಇಲ್ಲೋ ಗೊತ್ತಿಲ್ಲ. ಶನಿವಾರ ಮುಂಜಾನೆ ಸಾಲಿ ಇರ್ತದ, ಇನ್ನೂ ಥಂಡಿ ಇದ್ದಾಗ ಬಿಡ್ತೀನಿ. ಅವತ್ತು ಸೇತುವಿ ತನಕನೂ ಹೋಗಂಗಿಲ್ಲ, ಆರು ಏಳು ಕಿಲೋಮೀಟರಿಗೇ ಹುಣಸಿಗಿಡದ ಹತ್ರ ನಿಂತದ್ದದ. ಆದ್ರ ಮನಿಗೆ ತಿರುಗಿ ಬರುವಾಗ ಒಂದು ಸರ್ತಿನೂ ನಿಂತಿಲ್ಲ. ಸಾಲ್ಯಾಗ ನೆರಳಿಲ್ಲ, ಗಾಡಿ ದಿನಾ ಬಿಸಿಲಾಗೇ ನಿಂದರ್ತದ, ಸಂಜಿಕಿ ಟಾಕಿ ಮ್ಯಾಲ ಕೈ ಇಟ್ರ ಚುರ್ ಅಂತದ. ಆದ್ರೂ ಸೀದಾ ಮನಿ ಮುಟ್ಟಿಸ್ತದ.

ಇನ್ನೊಂದು, ಹೋದ ವಾರ ತಮ್ಮ ಫುಲ್ ಟಾಕಿ ಮಾಡಿಸಿ ಕೊಟ್ಟಿದ್ದ. ಆ ಎರಡು ದಿನ ಐದನೇ ಕಿಲೋಮೀಟರಿಗೇ ನಿಂತು ಅತ್ತುಬಿಟ್ಟೆ.


ಕೆಂಪು ಧೂಳು, ಬಳ್ಳಾರಿ
ಮಂಗಳವಾರ ರಾತ್ರಿ 9:15

ಅಕ್ಕ, ಶಕ್ತಿನಗರದಣ್ಣ ಬೇಜಾರಾಗಬಾರದು. ಬಿಸಿಗೆ ಕಾಯಿಲ್ ಕಡಿಯೋದಾದ್ರೆ ಸಂಜೆ ಬಿಸಿಲಿಗೇ ಮೊದಲು ನಿಲ್ಲಬೇಕಿತ್ತಲ್ಲ? ಇದು ಥಂಡ್ಯಾಗೆ ನಿಲ್ತೈತೆ, ಬಿಸಿಲಾಗೆ ಓಡ್ತೈತೆ. ಶನಿವಾರ ಇನ್ನೂ ಬೇಗ ನಿಲ್ತೈತೆ. ಲೆಕ್ಕ ಉಲ್ಟಾ ಐತೆ.

ನಾನು ಸಂಡೂರು ಕಡೆ ಅದಿರು ಲಾರಿಗಳ ಹಿಂದೆ ದಿನಾ ಓಡಾಡೋನು. ನಮ್ಮ ಕಡೆ ಗಾಡಿ ಎಳಿಲಿಲ್ಲ ಅಂದ್ರೆ ಮೊದಲು ಏರ್ ಫಿಲ್ಟರ್ ನೋಡ್ತೀವಿ, ತಟ್ಟಿದ್ರೆ ಅರ್ಧ ಬೊಗಸೆ ಕೆಂಪು ಪುಡಿ ಬೀಳ್ತೈತೆ. ಆದ್ರೆ ಫಿಲ್ಟರ್ ಕಟ್ಟಿದ್ರೆ ದಿನಪೂರ್ತಿ ಎಳಿಯಲ್ಲ, ಹೊಗೆ ಕಪ್ಪು ಬರ್ತೈತೆ. ನಿಮ್ದು ಹಂಗಿಲ್ಲ.

ನನ್ನ ಅನುಮಾನ ನೀರು. ಈಗ ಬರೋ ಪೆಟ್ರೋಲಾಗೆ ನೂರಕ್ಕೆ 20 ಪಾಲು ಎಥನಾಲ್ ಇರ್ತೈತೆ. ಎಥನಾಲ್ ನೀರನ್ನ ಕುಡಿತೈತೆ. ಒಂದು ಮಟ್ಟದವರೆಗೂ ಕುಡಿದು ಸುಮ್ನಿರ್ತೈತೆ, ಮಟ್ಟ ದಾಟಿದ್ರೆ ನೀರೂ ಎಥನಾಲೂ ಕೂಡ್ಕೊಂಡು ಪೆಟ್ರೋಲಿಂದ ಬೇರೆಯಾಗಿ ತಳ ಸೇರ್ತಾವೆ. ಕಾಕ್ ಇರೋದೂ ತಳದಾಗೇ. ಮಳೆಗಾಲದಾಗೆ ಎರಡು ತಿಂಗಳು ಸುಮ್ನೆ ನಿಲ್ಸಿದ್ದ ಗಾಡಿ ನಮ್ಮ ಮನ್ಯಾಗೆ ಹಿಂಗೇ ಕೆಟ್ಟಿತ್ತು. ಕಾರ್ಬರೇಟರ್ ಸ್ಕ್ರೂ ಬಿಚ್ಚಿದಾಗ ಬರೋದನ್ನ ನೆಲಕ್ಕೆ ಬಿಡಬೇಡಿ, ಗಾಜಿನ ಬಾಟ್ಲಿಗೆ ಹಿಡೀರಿ. ಹತ್ತು ನಿಮಿಷ ಇಟ್ರೆ ಎರಡು ಪದರ ಕಂಡ್ರೆ ನೀರು. ಪ್ಲಾಸ್ಟಿಕ್ ಲೋಟ ಬೇಡ, ಕರಗ್ತೈತೆ.


ಹುಲಿಗಿ ಹಾದಿ, ಕೊಪ್ಪಳ
ಮಂಗಳವಾರ ರಾತ್ರಿ 10:02

ನಡುವ ಬಾಯಿ ಹಾಕ್ತೀನಿ, ಬೈಬ್ಯಾಡ್ರಿ. ನನ್ನದು 2021ರ ಗಾಡಿ. ನಿನ್ನಿ ಮುನಿರಾಬಾದ್ ಹತ್ರ ನಿಂತೈತಿ, ಸೆಲ್ಫ್ ಒತ್ತಿದ್ರ ಗರ್ ಗರ್ ಅಂತೈತಿ, ಚಾಲೂ ಆಗವಲ್ದು. ಕಾರ್ಬರೇಟರ್ ಬಟ್ಟಲ ಹುಡುಕಿದೆ, ಇಲ್ಲೇ ಇಲ್ಲ!


ಗಂಗಾವತಿ ಪಾನಾ
ಮಂಗಳವಾರ ರಾತ್ರಿ 10:20

ಕೊಪ್ಪಳದ ತಮ್ಮಾ, 2020ರ ಏಪ್ರಿಲಿಗೆ ಬಿಎಸ್ 6 ಅನ್ನೋ ಹೊಗಿ ನಿಯಮ ಬಂದ ಮ್ಯಾಲ ಬಹಳಷ್ಟು ಗಾಡಿಗೆ ಬಟ್ಟಲ ಇಲ್ಲ, ಇಂಜೆಕ್ಟರ್ ಐತಿ. ಕೀಲಿ ಆನ್ ಮಾಡಿ, ಸೆಲ್ಫ್ ಒತ್ತದಂಗ ಕಿವಿಗೊಡು. ಟಾಕಿಯಾಗ ಎರಡು ಮೂರು ಸೆಕೆಂಡ್ ಸುಂಯ್ ಅಂತ ಪಂಪ್ ಓಡಬೇಕು. ಸಪ್ಪಳಿಲ್ಲ ಅಂದ್ರ ಫ್ಯೂಸು, ವೈರು, ಇಲ್ಲಾ ಪಂಪು. ಇಂಜಿನ್ ದೀಪ ಕೀಲಿ ಹಾಕಿದಾಗ ಹತ್ತಿ ಆರಬೇಕು, ಮಿಣಿಮಿಣಿ ಅಂತಿದ್ರ ಎಷ್ಟು ಸರ್ತಿ ಅಂತ ಎಣಿಸಿ ಬರಕೊಂಡು ಶೋರೂಮಿಗೆ ಹೋಗು. ಸ್ಟ್ಯಾಂಡ್ ಪೂರ್ತಿ ಮ್ಯಾಲಕ್ಕೆತ್ತಿ ನೋಡು, ಬಲಗೈ ಹತ್ರದ ಕೆಂಪು ಸ್ವಿಚ್ಚೂ ನೋಡು. ಬ್ಯಾರೆ ಪ್ರಶ್ನಿ ಇದ್ರ ಬ್ಯಾರೆ ಬರಿ.

ಈಗ ತಂಗಿ, ನಿನ್ನ ಮಾತಿಗೆ ಬರ್ತೀನಿ. ಬಳ್ಳಾರಿ ತಮ್ಮ ಹೇಳಿದ್ದು ಕೇಳಿ ನಿನ್ನ ಮೊದಲನೇ ಬರಹ ತಿರುಗಿ ಓದಿದೆ. ನಾನೂ ಮೊದಲ ಸರ್ತಿ ಕಣ್ಣು ಮುಚ್ಚೇ ಓದಿದ್ದೆ ಅನ್ನು. ನೀ ಸಿಟ್ಟಿಲೆ ಒಂದು ಮಾತು ಬರದಿದ್ದಿ, ಅದರಾಗೇ ಉತ್ತರ ಐತಿ. ಟ್ರ್ಯಾಕ್ಟರಿನವ, ಮಿಸ್ತ್ರಿ, ಹಾದಿಹೋಕರು, ಯಾರ ಬಂದ್ರೂ ಮೊದಲು ಏನು ಮಾಡ್ತಾರ? ಮುಚ್ಚಳ ತೆಗಿತಾರ. ಆಮ್ಯಾಲ ಒಂದೇ ಕಿಕ್ಕಿಗೆ ಚಾಲೂ. ನೀ ಒಬ್ಬಾಕಿನೇ ಮುಚ್ಚಳ ತೆಗಿಯೋದಿಲ್ಲ, ಯಾಕಂದ್ರ ಒಳಗ ಪೆಟ್ರೋಲ್ ಐತಿ ಅಂತ ನಿನಗ ಗೊತ್ತೈತಿ.

ಮನ್ಯಾಗ ಹೊಸ ಎಣ್ಣಿ ಡಬ್ಬಿ ತಂದ್ರ ಎಷ್ಟು ತೂತು ಹೊಡಿತೀರಿ? ಎರಡು. ಒಂದರಾಗ ಎಣ್ಣಿ ಬರ್ತೈತಿ, ಇನ್ನೊಂದರಾಗ ಗಾಳಿ ಹೋಗ್ತೈತಿ. ಒಂದೇ ತೂತು ಹೊಡೆದ್ರ ಗುಳುಕ್ ಗುಳುಕ್ ಅಂತ ನಿಂತು ನಿಂತು ಬರ್ತೈತಿ. ಟಾಕಿಗೂ ಎರಡನೇ ತೂತು ಐತಿ, ಮುಚ್ಚಳದಾಗ, ಸೂಜಿ ಮೊನಿಯಷ್ಟು. ಅದು ಕಟ್ಟಿದ್ರ ಪೆಟ್ರೋಲ್ ಇಳಿದಂಗ ಇಳಿದಂಗ ಒಳಗ ಗಾಳಿ ತೆಳ್ಳಗಾಗ್ತೈತಿ, ಆ ಎಳತಕ್ಕ ಪೆಟ್ರೋಲ್ ಕೆಳಗಿಳಿಯೋದಿಲ್ಲ. ಅರ್ಧ ತಾಸು ಬಿಟ್ರ ಸಂದಿಗೊಂದಿಯಾಗ ಒಂದಿಷ್ಟು ಗಾಳಿ ಜಿನುಗಿ ಒಳಗ ಸೇರ್ತೈತಿ, ಚಾಲೂ.

ನೀ ಕೊಟ್ಟ ಉಳಿದ ಗುರುತೂ ಎಲ್ಲಾ ಕೂಡ್ತಾವ. ಟಾಕಿ ತುಂಬಿದ್ರ ಮ್ಯಾಲ ಗಾಳಿಗೆ ಜಾಗ ಕಡಿಮಿ, ತುಸು ಪೆಟ್ರೋಲ್ ಇಳಿದ್ರೂ ಎಳತ ಜೋರು. ಹಂಗಾಗಿ ಐದು ಕಿಲೋಮೀಟರಿಗೇ ನಿಂತಿ. ರಾತ್ರಿ ಥಂಡಿಗೆ ಟಾಕಿಯೊಳಗಿನ ಗಾಳಿ ಕುಗ್ಗಿರ್ತೈತಿ, ಮುಂಜಾನೆ ಹೊಂಟಾಗೇ ಎಳತ ಶುರುವಾಗಿರ್ತೈತಿ. ಸಂಜಿಕಿ ಬಿಸಿಲಿಗೆ ಕಾದು ಒಳಗ ಆವಿ ಎದ್ದು ಅದೇ ಮ್ಯಾಲಿಂದ ಒತ್ತತೈತಿ, ಹಂಗಾಗಿ ಬರುವಾಗ ನಿಲ್ಲೋದಿಲ್ಲ. ನೀರಿನ ಅನುಮಾನಕ್ಕ ಇಷ್ಟು ಲೆಕ್ಕ ಕೂಡೋದಿಲ್ಲ, ಆದ್ರೂ ಬಾಟ್ಲಿಗೆ ಹಿಡಿದು ನೋಡು, ಖರ್ಚೇನೂ ಇಲ್ಲ.

ನಾಳಿ ನಿಂತಾಗ ಮೊದಲೇ ಮುಚ್ಚಳ ತೆಗಿಬ್ಯಾಡ. ಪ್ಲಗ್, ಕಿಡಿ, ಸ್ಕ್ರೂ ಮೂರೂ ನೋಡು. ಆಮ್ಯಾಲ ಕಿವಿ ಹತ್ರ ಇಟ್ಟು ನಿಧಾನಕ ಮುಚ್ಚಳ ಬಿಚ್ಚು.


ಕ್ಯಾಂಪ್ ಟೀಚರ್
ಗುರುವಾರ ಮಧ್ಯಾಹ್ನ 1:40

ಊಟದ ಪಿರಿಯಡ್ಡಿನ್ಯಾಗ ಬರಿಯಾಕತ್ತೀನಿ, ಕೈ ಇನ್ನೂ ಪೆಟ್ರೋಲ್ ನಾರ್ತದ.

ನಿನ್ನಿ ನಿಲ್ಲಲಿಲ್ಲ! ನಿಲ್ಲಲಿ ಅಂತ ಬೇಡಿಕೊಂಡು ಹೋದ್ರ ಸೀದಾ ಸಾಲಿ ಮುಟ್ಟಸ್ತು. ಇವತ್ತು ಅದಕ್ಕೇ ಮುಂಜಾನೆ ಲಗೂ ಎದ್ದು ಹೊಂಟೆ. ಸೇತುವಿ ಇನ್ನೂ ಒಂದು ಕಿಲೋಮೀಟರ್ ಇರುವಾಗ್ಲೇ ಬಿಕ್ಕಾಕ ಶುರುವಾತು. ಜೀವನದಾಗ ಮೊದಲ ಸರ್ತಿ ಗಾಡಿ ಬಂದ್ ಬಿದ್ದದ್ದಕ್ಕ ಖುಷಿ ಪಟ್ಟೆ.

ಹತ್ತು ಕಿಕ್ ಹೊಡೆದು ಪ್ಲಗ್ ಬಿಚ್ಚಿದೆ. ಒಣ ಕಟಿಗಿ ಆಗಿತ್ತು. ಹೆಡ್ಡಿಗೆ ಹಿಡಿದು ಕಿಕ್ ಹೊಡೆದ್ರ ನೀಲಿ ಕಿಡಿ, ಬೆಳಕಿನ್ಯಾಗೂ ಕಾಣ್ತು. (550 ರೂಪಾಯಿ ಕಾಯಿಲ್ ಅಲ್ಲಾ, ಕಿಡಿ ಚಲೋ ಬರದೇನು ಮಾಡ್ತದ.) ಆಮ್ಯಾಲ ಸ್ಕ್ರೂ. ಮನಿಯಿಂದ ಒಯ್ದಿದ್ದ ಉಪ್ಪಿನಕಾಯಿ ಗಾಜಿನ ಬಾಟ್ಲಿ ಹಿಡಿದೆ. ಎರಡು ಚಮಚಾದಷ್ಟು ಬಂತು, ಹನಿ ಹನಿ ಆತು, ನಿಂತೇ ಹೋತು. ರಿಸರ್ವಿಗೆ ತಿರುಗಿಸಿದೆ, ಅದೇ ಕಥಿ. ಅಷ್ಟೊತ್ತಿಗೆ ಮಷಿನ್ ಡ್ರೈವರ್ ಒಬ್ಬಾತ ಬಂದು ‘ಕೀಲಿ ಕೊಡ್ರಿ ಮೇಡಂ, ಪೆಟ್ರೋಲ್ ನೋಡಮು’ ಅಂದ. ‘ಮುಟ್ಟಿದ್ರ ನೋಡು!’ ಅಂತ ಚೀರಿದೆ. ಪಾಪ, ಹಿಂದಕ್ಕ ಸರಿದು ನಿಂತ.

ಆಮ್ಯಾಲ ನಾನೇ ಕೀಲಿ ಹಾಕಿ, ಕಿವಿ ಇಟ್ಟು, ಮುಚ್ಚಳ ಸಡಿಲ ಮಾಡಿದೆ. ಸೂಂ... ಅಂತ ಗಾಳಿ ಒಳಗ ಜಗ್ಗಿಕೊಳ್ತು. ಮುಚ್ಚಳ ಬೆರಳಿಗೆ ಹತ್ತಿಕೊಂಡಂಗ ಬಿಗಿ ಆಗಿತ್ತು. ಕೆಳಗ ಸ್ಕ್ರೂ ಇನ್ನೂ ಬಿಚ್ಚೇ ಇತ್ತು, ಬಾಟ್ಲಿಯಾಗ ಧಾರಿ ಸುರಿಯಾಕತ್ತಿತು. ಆ ಡ್ರೈವರ್ ಬಗ್ಗಿ ನೋಡಿ ‘ಅರೆ, ಗಾಳಿ ತಗೊಂಡಿಲ್ಲದು’ ಅಂದ. ಬಾಟ್ಲಿಯಾಗ ಎರಡು ಪದರ ಏನೂ ಕಾಣಲಿಲ್ಲ, ಬಳ್ಳಾರಿ ಅಣ್ಣಾರ.

ಸಾಲಿಗೆ ಬಂದು ಮುಚ್ಚಳ ಸರಿಯಾಗಿ ನೋಡಿದೆ. ಆಯುಧ ಪೂಜಾಕ್ಕ ತಮ್ಮ ಗಾಡಿ ನೀರಿನ ಪಂಪಿಲೆ ತೊಳೆದು, ಟಾಕಿಗೆ, ಮುಚ್ಚಳಕ್ಕ, ಮೀಟರಿಗೆ ವಿಭೂತಿ ಅರಿಷಿಣ ಕುಂಕುಮ ಕೈಬಿಚ್ಚಿ ಹಚ್ಚಿದ್ದ. ಅದು ನೀರಾಗ ಕಲಸಿ ಕೀಲಿ ತೂತಿನ್ಯಾಗ ಇಳಿದು, ಮ್ಯಾಲ ನೆಲ್ಲಿನ ಧೂಳು ಕೂಡಿ ಗಾರಿ ಆಗ್ಯದ. ಅದು ಸಾಲಲಿಲ್ಲ ಅಂತ ಅದೇ ವಾರ ಹೊಸ ರೆಕ್ಸಿನ್ ಕವರ್ ಹೊಲಿಸಿ ಮುಚ್ಚಳದ ಮ್ಯಾಲ ಬಿಗಿದಿದ್ದ. ದಸರಾದಿಂದ ಯಾಕ ಶುರುವಾತು ಅನ್ನೋದು ಈಗ ತಿಳೀತು. ಲ್ಯಾಬಿನ ಸೂಜಿಲೆ ಕೆದರಿ, ಹಳೇ ಬ್ರಷ್ಷಿಗೆ ಪೆಟ್ರೋಲ್ ಹಚ್ಚಿ ತಿಕ್ಕಿ, ಮಕ್ಕಳ ಸೈಕಲ್ ಪಂಪಿಲೆ ಊದಿದೆ. ಮೊದಲು ಒಳಬದಿಯಿಂದ ಬಾಯಿಲೆ ಊದಿದ್ರ ಗಲ್ಲ ಉಬ್ಬತಿದ್ವು, ಈಗ ಸರಾಗ ಹೋಗ್ತದ. ಕುಂಕುಮದ ಕೆಂಪು ನೀರು ಎಷ್ಟು ಬಂತಂದ್ರ ಹೆಡ್ ಮಾಸ್ತರ್ ಗಾಬರಿ ಆಗಿ ‘ಕೈ ಕೊಯ್ಕೊಂಡ್ರೇನು’ ಅಂತ ಕೇಳಿದ್ರು.

ನಾಚಿಕಿ ಮಾತು ಒಂದು ಹೇಳಿಬಿಡ್ತೀನಿ. ನಾನು ಹೇಳೋ ವಿಷಯ ವಿಜ್ಞಾನ. ಎಂಟನೇತ್ತಿಗೆ ಗಾಳಿಯ ಒತ್ತಡ ಅಂತ, ನೀರು ತುಂಬಿದ ಲೋಟಕ್ಕ ರಟ್ಟು ಮುಚ್ಚಿ ಬೋರಲು ಹಾಕಿ ತೋರಿಸಿದ್ದೆ, ಅದೂ ಇದೇ ತಿಂಗಳು.

ಅವ್ವಗ ಫೋನ್ ಮಾಡಿ ಹೇಳಿದೆ, ಗಾಡಿ ನಿಲ್ಲಾಕ ಗಾಳಿನೇ ಕಾರಣ ಅಂತ. ‘ನಾ ಮೊದಲೇ ಹೇಳಿದ್ದಿಲ್ಲೇನು’ ಅಂದ್ಲು. ಅಮಾಸಿ ದಿನ ಯಾಕ ನಿಲ್ಲಲಿಲ್ಲ ಅಂತ ಲೆಕ್ಕ ಹಾಕಿದೆ: ನಿಂಬಿಹಣ್ಣು ಇಡೋಕಿಂತ ಮೊದಲು ಅವತ್ತು ಮನಿ ಮುಂದ ಹೊಂಡಾಕ ತಯಾರಾದಾಗ ತಮ್ಮ ಪೆಟ್ರೋಲ್ ಎಷ್ಟದ ನೋಡಾಕ ಮುಚ್ಚಳ ತೆಗೆದಿದ್ದ. ರಾತ್ರಿ ಥಂಡಿಗೆ ಆಗಿದ್ದ ಎಳತೆಲ್ಲಾ ಅಲ್ಲೇ ಖಾಲಿ ಆಗಿರ್ತದ. ಇದನ್ನ ಅವ್ವಗ ಹೇಳಾಕ ಹೋಗಲಿಲ್ಲ.


ಶಕ್ತಿನಗರ ಸವಾರ
ಗುರುವಾರ ಮಧ್ಯಾಹ್ನ 2:10

ಕಣ್ಣು ತೆಗೆದೆ ಅಕ್ಕಾರ. ಪಲ್ಸರ್ ಕಾಯಿಲ್ ತಂದಿಲ್ಲ ಹೌದಲ್ಲೋ?


ಕ್ಯಾಂಪ್ ಟೀಚರ್
ಗುರುವಾರ ಮಧ್ಯಾಹ್ನ 2:14

ಇಲ್ರಿ ಅಣ್ಣಾರ. ಕಾಕಾರು ರೊಕ್ಕ ಬಿಚ್ಚಬ್ಯಾಡ ಅಂದಿದ್ರು.


ಗಂಗಾವತಿ ಪಾನಾ
ಗುರುವಾರ ಸಂಜೆ 6:30

ಚಲೋ ಕೆಲಸ ಮಾಡಿದಿ ತಂಗಿ. ಒಂದು ಮಾತು. ಮಿಸ್ತ್ರಿ ಬಿಚ್ಚಿದ ಹಳೇ ಕಾಯಿಲ್ ಕೇಳಿ ಇಸಕೋ. ಅದು ಕೆಟ್ಟಿರಲಿಲ್ಲ, ಡಬ್ಬಿಯಾಗ ಇಟ್ಟಿದ್ರ ಒಂದಿನ ಕೆಲಸಕ್ಕ ಬರ್ತೈತಿ. ಜಗಳ ಮಾಡಬ್ಯಾಡ. ಅವಂದೂ ಪೂರ್ತಿ ತಪ್ಪಲ್ಲ, ಅವನ ಮುಂದ ಗಾಡಿ ಒಂದು ದಿನನೂ ಕೆಟ್ಟಿರಲಿಲ್ಲ.

ರೆಕ್ಸಿನ್ ಕವರ್ ಇರಲಿ, ಮುಚ್ಚಳದ ಜಾಗದಾಗ ದುಂಡಗ ಕತ್ತರಿಸು. ಬರೋ ವರ್ಷ ಪೂಜಾ ಮಾಡ್ರಿ, ಬ್ಯಾಡ ಅನ್ನೋದಿಲ್ಲ, ಹೆಡ್‌ಲೈಟಿಗೆ ಹಚ್ಚಿದ್ರೂ ದೇವರಿಗೆ ಮುಟ್ತೈತಿ. ರಸ್ತಾದ ಮ್ಯಾಲ ಮತ್ತ ಕಟ್ಟಿದ್ರ ಮುಚ್ಚಳ ಒಮ್ಮಿ ತೆಗೆದು ಹಾಕಿ ಮನಿ ಮುಟ್ಟು. ಮುಚ್ಚಳ ಸಡಿಲ ಬಿಟ್ಟು ಮಾತ್ರ ಓಡಿಸಬ್ಯಾಡ, ಕುಣಿಗೆ ಇಳಿದಾಗ ಬಿಸಿ ಇಂಜಿನ್ ಮ್ಯಾಲ ಪೆಟ್ರೋಲ್ ಚೆಲ್ಲತೈತಿ.


ಹುಲಿಗಿ ಹಾದಿ, ಕೊಪ್ಪಳ
ಗುರುವಾರ ರಾತ್ರಿ 8:05

ನನ್ನದು ಫ್ಯೂಸ್ ಆಗಿತ್ರಿ ಕಾಕಾ. ಹತ್ತು ರೂಪಾಯಿ.


ಕ್ಯಾಂಪ್ ಟೀಚರ್
ಮುಂದಿನ ಬುಧವಾರ, ಮುಂಜಾನೆ 9:35

ಕಾಕಾರ, ಸೇತುವಿ ಮ್ಯಾಲಿಂದ ಬರಿಯಾಕತ್ತೀನಿ. ಐದು ದಿನ ಬಂಗಾರದಂಗ ಓಡ್ತು. ಇವತ್ತು ಮತ್ತ ಬಿಕ್ಕಿ ಬಿಕ್ಕಿ ನಿಂತದ. ಮುಚ್ಚಳ ತೆಗೆದೆ, ಸೂಂ ಅನ್ನಲಿಲ್ಲ, ಗಾಳಿ ಸರಿ ಅದ. ಸ್ಕ್ರೂ ಬಿಚ್ಚಿದೆ, ಒಂದು ಹನಿ ಇಲ್ಲ. ರಿಸರ್ವಿಗೆ ತಿರುಗಸಾಕ ಹೋದ್ರ ಕಾಕ್ ಮೊದಲೇ ರಿಸರ್ವಿನ್ಯಾಗ ಅದ. ಗುರುವಾರ ನೋಡಾಕಂತ ತಿರುಗಿಸಿದ್ದು, ಆನ್‌ಗೆ ತರೋದು ಮರೆತಿದ್ದೆ. ಟಾಕಿ ತಳ ಕಾಣಾಕತ್ತದ.

ಮೊನ್ನಿ ಚೀರಿಸಿಕೊಂಡಿದ್ದ ಡ್ರೈವರ್ರೇ ಬಾಟ್ಲಿ ಹಿಡಕೊಂಡು ಬರಾಕತ್ತಾನ. ಇವತ್ತು ಅವ ಕೀಲಿ ಕೇಳಿದ್ರ ಕೊಡಬೇಕಾಗ್ತದ.